ಎಂಟು ವಾರದ ಅಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲೇಜುಗಳಲ್ಲಿ ಇಂಟರ್ನ್‌ಶಿಪ್‌ಗೆ ಸಂಸ್ಥೆ ಹುಡುಕುವ ಕಾಲ ಬಂದಿದೆಯೆಂಬುದು ಅಂಚೆಯ ಕಟ್ಟು ಬಿಚ್ಚಿದಾಗಲೇ ತಿಳಿಯುತ್ತದೆ. ಮಕ್ಕಳು ಮತ್ತು ಯುವಜನರ ನಡುವೆ ಕೆಲಸ ಮಾಡುವ ಊರಿನ ಸಂಸ್ಥೆಗಳಿಗೆ ಇಂಟರ್ನ್ ಆಗಿ ಅಥವಾ ಮಾರ್ಗದರ್ಶಕರಾಗಿ ಸೇರುವ ಕುರಿತು ಶಿವಮೊಗ್ಗ ಜಿಲ್ಲೆಯಿಂದಲೇ ಹೆಚ್ಚು ಪತ್ರಗಳು ಬಂದಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳಲ್ಲಿ ಪ್ರಸ್ತಾಪವಾಗಿರುವ ಮಕ್ಕಳ ಗುರುತು ಯಾರಿಗೂ ಸಿಗಬಾರದೆಂಬ ಕಾರಣಕ್ಕೆ ಬರೆದವರ ಹೆಸರನ್ನೂ ಊರಿನ ಹೆಸರನ್ನೂ ಬಿಟ್ಟಿದ್ದೇನೆ. ತಾಲ್ಲೂಕು ಮಾತ್ರ ಉಳಿದಿದೆ.

ಪ್ರಶ್ನೆ: ಮೇಡಂ, ನಾನು ಸಾಗರ ತಾಲ್ಲೂಕಿನವಳು, ಶಿವಮೊಗ್ಗದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಸಂಜೆ ತರಗತಿ, ಆಟ, ಮಾರ್ಗದರ್ಶನ ನಡೆಸುವ ಒಂದು ಟ್ರಸ್ಟ್‌ನಲ್ಲಿ ಎಂಟು ವಾರಗಳ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಸೇರಿದ ಎರಡನೆಯ ದಿನವೇ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರನ್ನು ನನಗೆ ವಹಿಸಿ, ‘ಇನ್ನು ನೀವೇ ಇವರ ಮೆಂಟರ್’ ಎಂದರು. ಇಬ್ಬರೂ ನನ್ನನ್ನು ತುಂಬ ಹಚ್ಚಿಕೊಂಡಿದ್ದಾರೆ. ಮುಗಿದ ಮೇಲೆ ನಾನು ಬೆಂಗಳೂರಿಗೆ ಹೋಗುವವಳೆಂಬುದು ಅವರಿಗೆ ಗೊತ್ತಿಲ್ಲ. ಇನ್ನು ಐದು ವಾರ ಉಳಿದಿದೆ. ಹೇಗೆ ಹೇಳಲಿ? ಕೊನೆಯ ದಿನ ಹೇಳಿದರೆ ಸಾಲದೇ?

ಉತ್ತರ: ಸಾಲದು. ಈ ವಾರವೇ ಹೇಳಿ, ದಿನಾಂಕ ಸಹಿತ ಹೇಳಿ. ಆದರೆ ಅದಕ್ಕಿಂತ ಮೊದಲು ನಿಮ್ಮನ್ನು ಈ ಇಕ್ಕಟ್ಟಿಗೆ ತಂದಿಟ್ಟ ಏರ್ಪಾಟಿನ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ತಪ್ಪು ಮುಖ್ಯವಾಗಿ ನಿಮ್ಮದಲ್ಲ.

ಇಂಟರ್ನ್‌ಶಿಪ್ ಎಂಬುದು ನಿಮ್ಮ ಕಲಿಕೆಗಾಗಿ ಇರುವಂಥದು. ಅದರ ಅವಧಿಯನ್ನು ಕಾಲೇಜಿನ ವೇಳಾಪಟ್ಟಿ ನಿರ್ಧರಿಸುತ್ತದೆ, ಅದರ ಫಲ ನಿಮ್ಮ ಅಂಕಪಟ್ಟಿಯಲ್ಲಿ ಕಾಣುತ್ತದೆ, ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಮಾರ್ಗದರ್ಶನವಾದರೋ ಮಗುವಿಗಾಗಿ ಇರುವಂಥದು; ಅದರ ಅವಧಿಯನ್ನು ಮಗುವಿನ ವರ್ಷ ನಿರ್ಧರಿಸಬೇಕು. ಈ ಎರಡನ್ನೂ ಒಬ್ಬರ ಹೆಗಲಿಗೇ ಕಟ್ಟಿ ಎಂಟು ವಾರಕ್ಕೆ ಗಂಟು ಹಾಕಿದಾಗ ಹೊರೆ ಬೀಳುವುದು ಮಗುವಿನ ಮೇಲೆ. ಎಂಟು ವಾರದ ಇಂಟರ್ನ್‌ಗೆ ಒಬ್ಬಂಟಿಯಾಗಿ ಮೆಂಟರ್ ಪಟ್ಟ ಕೊಡಲೇಬಾರದು ಎಂಬುದು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಂಥ ಕೆಲಸದ ನಡುವೆ ಇದ್ದ ನನ್ನ ಖಚಿತ ಅಭಿಪ್ರಾಯ. ಸಂಸ್ಥೆಗಳಿಗೆ ಆಳು ಸಾಲದು, ಬಂದವರನ್ನು ಬಿಡಲು ಮನಸ್ಸಾಗದು. ಆ ಕಷ್ಟ ನನಗೆ ತಿಳಿಯದ್ದಲ್ಲ. ಆದರೂ ಕೊಡಬಾರದು.

ಇದು ಬರಿಯ ನನ್ನ ಅನಿಸಿಕೆಯೆಂದು ತಿಳಿಯಬೇಡಿ. ಅಮೆರಿಕದಲ್ಲಿ 1904ರಷ್ಟು ಹಿಂದೆ ಬೇರುಬಿಟ್ಟ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಸಂಸ್ಥೆ, ಒಬ್ಬ ಹಿರಿಯ ಸ್ವಯಂಸೇವಕರನ್ನು ಒಂದು ಮಗುವಿಗೆ ಜೊತೆಮಾಡುವ ಕೆಲಸವನ್ನೇ ಮಾಡಿಕೊಂಡು ಬಂದಿದೆ. ಅಲ್ಲಿನ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಇಬ್ಬರು ಸಂಶೋಧಕಿಯರು 2002ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಜೊತೆ ಮುಂದುವರಿದ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಜೊತೆ ಮುರಿದುಹೋದ ಮಕ್ಕಳಲ್ಲಿ ತಮ್ಮ ಬಗ್ಗೆ ತಮಗಿದ್ದ ಬೆಲೆಯೇ ಮೊದಲಿಗಿಂತ ಕುಗ್ಗಿತ್ತು. ಎಂದರೆ, ಬೇಗ ಬಿಟ್ಟುಹೋಗುವ ಮೆಂಟರ್‌ಗಿಂತ ಮೆಂಟರೇ ಇಲ್ಲದಿರುವುದು ಎಷ್ಟೋ ಮಕ್ಕಳಿಗೆ ಮೇಲು. ಅಲ್ಲಿಯ ಮಕ್ಕಳು ಬೇರೆ, ನಮ್ಮ ಮಕ್ಕಳು ಬೇರೆ ಎಂದು ಯಾರಾದರೂ ಹೇಳಿಯಾರು. ನಮ್ಮಲ್ಲಿ ಪೆಟ್ಟು ಇನ್ನೂ ಜೋರಾಗಿಯೇ ಬೀಳುತ್ತದೆಂದು ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಮಕ್ಕಳು ಮೆಂಟರ್ ಎನ್ನುವುದಿಲ್ಲ, ಅಕ್ಕ ಎನ್ನುತ್ತಾರೆ. ಎಂಟು ವಾರಕ್ಕೆ ಅಕ್ಕನಾಗಿ ಒಂಬತ್ತನೆಯ ವಾರ ಫೋನೂ ಎತ್ತದ ಸಂಬಂಧಕ್ಕೆ ನಮ್ಮ ಮನೆಗಳಲ್ಲಿ ಹೆಸರಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯ ಒಬ್ಬ ಹುಡುಗ ಸಾಗರದ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ. ಹಬ್ಬದ ರಜೆಗೆ ಊರಿಗೆ ಹೊರಟವನಿಗೆ, ‘ಬರುವ ಶನಿವಾರ ನಾನೇ ನಿಮ್ಮ ಮನೆಗೆ ಬರುತ್ತೇನೆ, ಅಪ್ಪನ ಹತ್ತಿರ ಕಾಲೇಜಿನ ವಿಷಯ ಮಾತಾಡುತ್ತೇನೆ’ ಎಂದುಬಿಟ್ಟೆ. ಆ ಶನಿವಾರ ಶಿವಮೊಗ್ಗದಲ್ಲಿ ಸಭೆಯೊಂದು ಬಿತ್ತು. ಅವರ ಮನೆಗೆ ಫೋನಿರಲಿಲ್ಲ. ಸೋಮವಾರ ಹೇಳಿದರಾಯಿತೆಂದು ಸುಮ್ಮನಾದೆ. ಹುಡುಗ ಹಿನ್ನೀರು ದಾಟಿಸುವ ದೋಣಿಯಾದ ಲಾಂಚ್‌ಗೆ ಕಾದು, ಬೆಳಿಗ್ಗೆಯ ಮೊದಲ ಲಾಂಚ್‌ನಿಂದ ಸಂಜೆಯ ಕೊನೆಯ ಲಾಂಚ್‌ವರೆಗೆ ಕಳಸವಳ್ಳಿಯ ದಡದಲ್ಲಿ ಕೂತಿದ್ದನಂತೆ, ನನಗೆಂದು ತಾಯಿ ಬಾಳೆಎಲೆಯಲ್ಲಿ ಕಟ್ಟಿಕೊಟ್ಟಿದ್ದ ಹಲಸಿನಹಣ್ಣಿನ ಕಡುಬಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು. ಇದನ್ನು ಅವನು ಹೇಳಲಿಲ್ಲ; ಎರಡು ವರ್ಷದ ನಂತರ ಅವನ ತಂಗಿ ಹೇಳಿದಳು. ನನಗೆ ಕಂಡಿದ್ದಿಷ್ಟೇ: ಸೋಮವಾರದಿಂದಾಚೆಗೆ ಅವನು ನನ್ನನ್ನು ಏನನ್ನೂ ಕೇಳುವುದನ್ನು ಬಿಟ್ಟ. ಕರೆದರೆ ಬರುತ್ತಿದ್ದ, ಹೇಳಿದ್ದಕ್ಕೆ ತಲೆಯಾಡಿಸುತ್ತಿದ್ದ, ಅಷ್ಟೇ. (ಆ ಹೊಳೆಗೆ 2025ರ ಜುಲೈನಲ್ಲಿ ಸೇತುವೆಯಾಯಿತು. ಸೇತುವೆಯ ಮೇಲೆ ಮೊದಲ ಸಲ ದಾಟಿದಾಗ ನನಗೆ ನೆನಪಾದದ್ದು ಆ ಪೊಟ್ಟಣವೇ.)

ಈಗ ನಿಮ್ಮ ಐದು ವಾರಗಳ ಮಾತು. ಮೊದಲು ಸಂಸ್ಥೆಯ ಸಂಯೋಜಕರ ಬಳಿ ಕುಳಿತು, ನೀವು ಹೋದ ಮೇಲೆ ಈ ಇಬ್ಬರನ್ನು ನೋಡಿಕೊಳ್ಳುವವರು ಯಾರೆಂದು ಕೇಳಿ. ಹೆಸರು ಬೇಕು, ‘ಯಾರಾದರೂ ನೋಡಿಕೊಳ್ಳುತ್ತಾರೆ’ ಎಂಬ ಉತ್ತರಕ್ಕೆ ಒಪ್ಪಬೇಡಿ. ಅಲ್ಲೇ ಕೆಲಸಮಾಡುವ ಕಾರ್ಯಕರ್ತೆಯೋ, ಊರಿನಲ್ಲೇ ಇರುವ ಸ್ವಯಂಸೇವಕಿಯೋ, ಯಾರೇ ಆಗಲಿ, ಅವರು ಮುಂದಿನ ವಾರದಿಂದಲೇ ನಿಮ್ಮ ಜೊತೆ ಕೂರಲಿ. ಮೊದಲ ಎರಡು ವಾರ ನೀವು ಮಾತಾಡಿ, ಅವರು ಕೇಳಲಿ. ಆಮೇಲೆ ಅವರು ಮಾತಾಡಲಿ, ನೀವು ಹಿಂದೆ ಸರಿಯಿರಿ. ಹುಡುಗಿಯರಿಗೆ ಹೇಳುವಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು, ‘ನಾನು ಇಲ್ಲಿಗೆ ಕಲಿಯಲು ಬಂದವಳು, ನನ್ನ ಕೊನೆಯ ದಿನ ಇಂಥದು, ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ’ ಎಂದು ನೇರವಾಗಿ ಹೇಳಿ. ಒಬ್ಬಳು ಮುನಿಸಿಕೊಂಡರೆ ಸಮಾಧಾನ ಮಾಡಲು ಅವಸರಪಡಬೇಡಿ; ಮುನಿಯಲು ಅವಳಿಗೆ ಹಕ್ಕಿದೆ, ಮುನಿಸು ಇಳಿಯಲು ಐದು ವಾರವೂ ಇದೆ. ಕೊನೆಯ ದಿನ ಹೇಳಿದ್ದರೆ ಆ ಮುನಿಸನ್ನು ಅವಳು ಒಬ್ಬಳೇ ಹೊರಬೇಕಾಗಿತ್ತು.

‘ಬೆಂಗಳೂರಿಗೆ ಹೋದರೂ ದಿನಾ ಫೋನ್ ಮಾಡುತ್ತೇನೆ’ ಎಂದು ಮಾತ್ರ ಹೇಳಬೇಡಿ. ಮಾಡುವುದಿಲ್ಲ, ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಸಂಸ್ಥೆಯ ಫೋನಿಗೆ ಕರೆಮಾಡುತ್ತೇನೆಂದು ಹೇಳಬಲ್ಲಿರಾದರೆ, ಅಷ್ಟನ್ನೇ ಹೇಳಿ ಅದನ್ನು ನಡೆಸಿಕೊಡಿ.

ಉಳಿದ ದಿನಗಳಲ್ಲಿ ಮಾಡಲು ಇಂಟರ್ನ್‌ಗೆ ಬೇಕಾದಷ್ಟು ಕೆಲಸವಿದೆ, ಅದರಲ್ಲಿ ಹೆಚ್ಚಿನದು ಯಾರ ಕಣ್ಣಿಗೂ ಬೀಳದ ಕೆಲಸ. ವಿದ್ಯಾರ್ಥಿವೇತನದ ಉದಾಹರಣೆಯನ್ನೇ ತೆಗೆದುಕೊಳ್ಳಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮಗುವಿನ ಹಣ ಬಾರದಿದ್ದರೆ, ಮನೆಯವರು ‘ಈ ಸಲ ಸರ್ಕಾರ ಕೊಡಲಿಲ್ಲ’ ಎಂದುಕೊಂಡು ಸುಮ್ಮನಾಗುತ್ತಾರೆ. ಹುಡುಕಿದರೆ ಕಾರಣ ಸಣ್ಣದಿರುತ್ತದೆ: ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದಕ್ಷರ ಬೇರೆ, ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿಲ್ಲ, ಅಥವಾ ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರದ ಸಂಖ್ಯೆಯನ್ನು ತಪ್ಪಾಗಿ ತುಂಬಿದ್ದಾರೆ. ಮೂವತ್ತು ಮಕ್ಕಳ ಕಾಗದಗಳನ್ನು ಮುಂದಿಟ್ಟುಕೊಂಡು, ಯಾರದು ಎಲ್ಲಿ ನಿಂತಿದೆಯೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಹೋದರೆ, ನೀವು ಹೋದ ಮೇಲೂ ಆ ಪುಸ್ತಕ ಕೆಲಸಮಾಡುತ್ತದೆ. ಹಾಗೆಯೇ ಯಾವ ಮಗು ಯಾವ ಬಸ್ಸಿಗೆ ಬರುತ್ತದೆ, ಆ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ನಿಲ್ದಾಣದಿಂದ ಮನೆಗೆ ಎಷ್ಟು ದೂರದ ಕಾಡುದಾರಿ ಎಂಬುದನ್ನು ಬರೆದ ಒಂದು ಹಾಳೆ ನಮ್ಮ ಮಲೆನಾಡಿನ ಸಂಸ್ಥೆಗಳಲ್ಲಿ ಬಹುಪಾಲು ಸಂಯೋಜಕರ ತಲೆಯೊಳಗೆ ಮಾತ್ರ ಇರುತ್ತದೆ. ಆ ತಲೆ ರಜೆ ಹಾಕಿದ ದಿನ ತರಗತಿ ಎಷ್ಟು ಗಂಟೆಗೆ ಬಿಡಬೇಕೆಂದೇ ಉಳಿದವರಿಗೆ ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಮಗಳು ಇದೇ ಬಗೆಯ ಒಂದು ಸಂಸ್ಥೆಗೆ ಇಂಟರ್ನ್ ಆಗಿ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಸಂಬಳ ಕೊಡುವುದಿಲ್ಲವಂತೆ, ಬದಲಿಗೆ ನೋಂದಣಿ ಶುಲ್ಕವೆಂದು ಅವರೇ ನಮ್ಮಿಂದ ಎರಡು ಸಾವಿರ ರೂಪಾಯಿ ಕೇಳಿದ್ದಾರೆ. ಸಂಸ್ಥೆ ನಂಬಿಕಸ್ಥವೇ ಎಂದು ತಿಳಿಯುವುದು ಹೇಗೆ? — ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಂದೆ

ಉತ್ತರ: ಶುಲ್ಕ ಕೇಳಿದ್ದಾರೆಂದ ಮೇಲೆ ನನ್ನ ಉತ್ತರ ಮುಕ್ಕಾಲು ಪಾಲು ಮುಗಿಯಿತು. ಕೆಲಸ ಮಾಡಲು ಬರುವವಳಿಂದಲೇ ಹಣ ಪಡೆದು ಪ್ರಮಾಣಪತ್ರ ಕೊಡುವ ಸಂಸ್ಥೆ ನಡೆಸುತ್ತಿರುವುದು ಪ್ರಮಾಣಪತ್ರದ ವ್ಯಾಪಾರವನ್ನು. ಬೇರೆ ಕಡೆ ನೋಡಿ.

ಬೇರೆ ಕಡೆ ನೋಡುವಾಗ ಕೇಳಬೇಕಾದವು ಇವು. ಸಂಸ್ಥೆ ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುತ್ತದೆ; ಟ್ರಸ್ಟ್ ಆಗಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಪತ್ರವಿರುತ್ತದೆ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹುಡುಕಬಹುದು. ಆದರೆ ನೋಂದಣಿಯ ಕಾಗದ ಸರಿಯಿದ್ದ ಮಾತ್ರಕ್ಕೆ ನಡತೆಯೂ ಸರಿಯಿರುತ್ತದೆಂದು ಹೇಳಲಾಗದು. ನಾನಾದರೆ ಒಂದು ಸಂಜೆ ಮಗಳ ಜೊತೆ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಮಕ್ಕಳು ಬಂದು ಹೋಗುವುದನ್ನು ಹಾಜರಿಪುಸ್ತಕದಲ್ಲಿ ಬರೆಯುತ್ತಾರೆಯೇ? ಯಾರಾದರೂ ದೊಡ್ಡವರು ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲಿನ ಹಿಂದೆ ಇರುತ್ತಾರೆಯೇ? ಮಕ್ಕಳ ಸುರಕ್ಷತೆಯ ಬಗ್ಗೆ ದೂರು ಇದ್ದರೆ ಯಾರಿಗೆ ಹೇಳಬೇಕೆಂದು ಗೋಡೆಯ ಮೇಲೆ ಬರೆದಿದ್ದಾರೆಯೇ? ಒಳ್ಳೆಯ ಸಂಸ್ಥೆ ನಿಮ್ಮ ಮಗಳನ್ನೂ ಪ್ರಶ್ನಿಸುತ್ತದೆ: ಗುರುತಿನ ಚೀಟಿ ಕೇಳುತ್ತದೆ, ಅವಳನ್ನು ಬಲ್ಲ ಇಬ್ಬರು ಹಿರಿಯರ ಹೆಸರು ಕೇಳುತ್ತದೆ, ಪೊಲೀಸ್ ಪರಿಶೀಲನಾ ಪತ್ರವನ್ನೂ ಕೇಳಬಹುದು. ಅದಕ್ಕೆ ಬೇಸರಿಸಿಕೊಳ್ಳಬೇಡಿ. ಏನೂ ಕೇಳದೆ ಮೊದಲ ದಿನವೇ ಮಕ್ಕಳನ್ನು ಒಪ್ಪಿಸುವ ಸಂಸ್ಥೆಯ ಬಗ್ಗೆ ಎಚ್ಚರವಾಗಿರಿ.

ಸಂಬಳವಿಲ್ಲದಿರುವುದು ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯ. ಓಡಾಟದ ಖರ್ಚನ್ನಾದರೂ ಕೇಳಿ, ಕೇಳುವುದು ತಪ್ಪಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವಿದೆಯಲ್ಲ ಎಂದು ಬೆಂಗಳೂರಿನ ಕಡೆಯವರು ಕೇಳುತ್ತಾರೆ. ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆಯ ಎಷ್ಟೋ ಹಾದಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ತಿಂಗಳಿಗೆ ಎಷ್ಟಾಗುತ್ತದೆಂದು ಮೊದಲೇ ಲೆಕ್ಕಹಾಕಿ. ಆಗುಂಬೆಯ ಸುತ್ತಿನ ಮಳೆಯನ್ನು ನಿಮಗೆ ನಾನು ವಿವರಿಸಬೇಕಿಲ್ಲ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಐದರ ನಂತರ ನಡೆಯುವ ತರಗತಿಗೆ ಅವಳನ್ನು ಕಳಿಸುವುದಾದರೆ, ಮರ ಬಿದ್ದು ರಸ್ತೆ ಬಂದಾದ ದಿನ ಅವಳು ಎಲ್ಲಿ ಉಳಿಯುತ್ತಾಳೆಂಬುದು ಸಂಸ್ಥೆಯವರಿಗೂ ನಿಮಗೂ ಮುಂಚಿತವಾಗಿ ಗೊತ್ತಿರಬೇಕು.

ಪ್ರಶ್ನೆ: ನಾನು ವಾರಕ್ಕೆರಡು ದಿನ ಸ್ವಯಂಸೇವಕನಾಗಿ ಹೋಗುತ್ತೇನೆ. ನನಗೆ ಹತ್ತಿರವಾದ ಹತ್ತನೇ ತರಗತಿಯ ಹುಡುಗನೊಬ್ಬ, ‘ಅಣ್ಣಾ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿ’ ಎಂದ. ಮಾಡಿದೆ. ಆಮೇಲೆ, ತನ್ನ ಹದಿನೇಳು ವರ್ಷದ ಅಕ್ಕನಿಗೆ ಮುಂದಿನ ತಿಂಗಳು ಮದುವೆ ನಿಶ್ಚಯವಾಗಿದೆಯೆಂದೂ ಅವಳಿಗೆ ಇಷ್ಟವಿಲ್ಲವೆಂದೂ ಹೇಳಿದ. ಹೇಳಿದರೆ ಹುಡುಗನ ನಂಬಿಕೆ ಹೋಗುತ್ತದೆ, ಹೇಳದಿದ್ದರೆ ಅಕ್ಕನ ಗತಿ? — ಭದ್ರಾವತಿಯ ಯುವಕ

ಉತ್ತರ: ಹೇಳಿ, ಇವತ್ತೇ. ಮೊದಲು ಸಂಸ್ಥೆಯ ಮುಖ್ಯಸ್ಥರಿಗೆ. ಅವರು ‘ಊರಿನ ವಿಷಯ, ನಮಗೇಕೆ’ ಎಂದು ಹಿಂಜರಿದರೆ ನೀವೇ 1098ಕ್ಕೆ ಕರೆಮಾಡಿ. ಮಕ್ಕಳ ಸಹಾಯವಾಣಿಯಾದ ಅದು ಹಗಲೂ ರಾತ್ರಿಯೂ ಇರುತ್ತದೆ, ಕರೆಗೆ ಹಣವಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಬಾಲ್ಯವಿವಾಹ ನಿಷೇಧಾಧಿಕಾರಿಗಳೂ ಆಗಿರುತ್ತಾರೆ, ಅವರಿಗೂ ತಿಳಿಸಬಹುದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಿಸಿದವರಿಗೂ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಕರ್ನಾಟಕದ ತಿದ್ದುಪಡಿಯಾದ ಮೇಲೆ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮದುವೆ ನಡೆಯುವ ಮೊದಲೇ ನ್ಯಾಯಾಲಯದಿಂದ ತಡೆಯಾಜ್ಞೆ ತರಲೂ ಅವಕಾಶವಿದೆ, ಆದ್ದರಿಂದ ಒಂದೊಂದು ದಿನಕ್ಕೂ ಬೆಲೆಯಿದೆ. ನೀವೇ ಅವರ ಮನೆಗೆ ಹೋಗಿ ತಂದೆಗೆ ಬುದ್ಧಿ ಹೇಳಲು ಮಾತ್ರ ಹೊರಡಬೇಡಿ. ಹೀಗೆ ಹೊರಟವರಿಂದಾಗಿ ಮದುವೆ ಒಂದು ವಾರ ಮುಂಚೆಯೇ, ಬೇರೆ ಊರಿನ ನೆಂಟರ ಮನೆಯಲ್ಲಿ ಮುಗಿದುಹೋದದ್ದನ್ನು ನಾನು ನೋಡಿದ್ದೇನೆ.

ಇನ್ನು ಆಣೆಯ ವಿಷಯ. ಆ ಆಣೆಯನ್ನು ನೀವು ಮಾಡಬಾರದಿತ್ತು. ಮಕ್ಕಳ ಜೊತೆ ಕೆಲಸಕ್ಕಿಳಿಯುವ ಪ್ರತಿಯೊಬ್ಬರಿಗೂ ಮೊದಲ ದಿನ ಹೇಳಿಕೊಡಬೇಕಾದ ಪಾಠವೇ ಇದು, ನಿಮಗೆ ಯಾರೂ ಹೇಳಿಕೊಡಲಿಲ್ಲವೆಂದು ಕಾಣುತ್ತದೆ. ಮುಂದೆ ಯಾವ ಮಗು ಗುಟ್ಟು ಹೇಳಲು ಬಂದರೂ, ‘ಸುಮ್ಮಸುಮ್ಮನೆ ಯಾರಿಗೂ ಹೇಳುವುದಿಲ್ಲ, ಆದರೆ ನಿನಗೋ ಇನ್ನೊಬ್ಬರಿಗೋ ತೊಂದರೆಯಾಗುವ ಮಾತಾದರೆ ಸಹಾಯ ಮಾಡಬಲ್ಲವರಿಗೆ ಹೇಳಬೇಕಾಗುತ್ತದೆ’ ಎಂದು ಮೊದಲೇ ಹೇಳಿ. ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆಂಬ ಭಯ ಬೇಡ. ತೂಕದ ಮಾತಿಗೆ ತೂಕದ ಜಾಗ ಸಿಕ್ಕಿತೆಂದು ಹೆಚ್ಚಿನ ಮಕ್ಕಳು ಹೇಳಿಯೇ ಹೇಳುತ್ತಾರೆ. ಲೈಂಗಿಕ ದೌರ್ಜನ್ಯದ ಸಂಗತಿಯಾದರಂತೂ ಆಯ್ಕೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ವಿಧಿಯಂತೆ, ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ವಿಧಿಯಂತೆ ಅದೇ ಅಪರಾಧ. ಅಂಥ ಮಾತು ಬಂದಾಗ ಮಗುವನ್ನು ಕೆದಕಿ ಕೆದಕಿ ಕೇಳಬೇಡಿ; ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.

ಹುಡುಗನಿಗೆ, ನೀವು ಹೇಳುವ ಮೊದಲೇ, ‘ನಾನು ಆಣೆ ಮುರಿಯುತ್ತಿದ್ದೇನೆ, ಇಂಥವರಿಗೆ ಹೇಳುತ್ತಿದ್ದೇನೆ, ನಿನ್ನ ಹೆಸರು ಹೇಳಬೇಡಿರೆಂದು ಕೇಳಿಕೊಳ್ಳುತ್ತೇನೆ’ ಎಂದು ತಿಳಿಸಿ. ಮುಂದಿನ ವಾರವೂ, ಅದರ ಮುಂದಿನ ವಾರವೂ ಅದೇ ದಿನ ಅದೇ ಹೊತ್ತಿಗೆ ತಪ್ಪದೆ ಹೋಗಿ. ಅವನು ಮಾತಾಡದಿದ್ದರೂ ಹೋಗಿ.

ಪ್ರಶ್ನೆ: ನಮ್ಮ ಶಾಲೆಗೆ ಬರುವ ಇಂಟರ್ನ್‌ಗಳು ಮಕ್ಕಳ ಜೊತೆ ತೆಗೆದ ಫೋಟೋಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾರೆ. ತಡೆಯಬಹುದೇ? — ಹೊಸನಗರ ತಾಲ್ಲೂಕಿನ ಶಿಕ್ಷಕಿ

ಉತ್ತರ: ತಡೆಯಲೇಬೇಕು, ಮೇಡಂ. ತಂದೆತಾಯಿಯ ಬರಹದ ಒಪ್ಪಿಗೆಯಿಲ್ಲದೆ ಒಂದೂ ಫೋಟೋ ಹೊರಗೆ ಹೋಗಬಾರದು. ಒಪ್ಪಿಗೆಯಿದ್ದರೂ ‘ಬಡ ಮಕ್ಕಳಿಗೆ ನೆರವಾದ ಸಂತೋಷ’ ಎಂಬ ಬರಹದ ಕೆಳಗೆ ತನ್ನ ಮುಖ ಬರುವುದನ್ನು ಯಾವ ಹದಿನಾಲ್ಕರ ಹುಡುಗಿಯೂ ಬಯಸುವುದಿಲ್ಲ. ಒಳಗೆ ಬರುವಾಗಲೇ ಮೊಬೈಲನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಡಿಸಿ; ನಾಲ್ಕು ದಿನ ಗೊಣಗಿ ಒಗ್ಗಿಕೊಳ್ಳುತ್ತಾರೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ವಯಸ್ಸು ಅರವತ್ತೆರಡು. ಊರಿನ ಯುವಕರ ಸಂಸ್ಥೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿಗೆ ಮಾರ್ಗದರ್ಶಕನಾಗಿದ್ದೇನೆ. ಮೂರು ತಿಂಗಳಾಯಿತು. ಪುಸ್ತಕ ಕೊಟ್ಟೆ, ಬ್ಯಾಂಕ್ ಪರೀಕ್ಷೆಗಳ ಬಗ್ಗೆ ಹೇಳಿದೆ, ಶಿಸ್ತಿನ ಬಗ್ಗೆ ಹೇಳಿದೆ. ಅವನು ‘ಹೂಂ ಸಾರ್’ ಎನ್ನುತ್ತಾನೆ. ಈಗ ಬರುವುದನ್ನೇ ಕಡಿಮೆ ಮಾಡಿದ್ದಾನೆ. ನನ್ನ ವಯಸ್ಸಿನವರಿಗೆ ಇದು ಆಗದ ಕೆಲಸವೇ? — ಸೊರಬ ತಾಲ್ಲೂಕು

ಉತ್ತರ: ನಿಮ್ಮ ವಯಸ್ಸಿನವರೇ ಈ ಕೆಲಸಕ್ಕೆ ಬೇಕಾದವರು. ಮೇಲೆ ಪತ್ರ ಬರೆದ ಸಾಗರದ ಹುಡುಗಿ ಕೊಡಲಾರದ್ದು ನಿಮ್ಮ ಬಳಿ ಇದೆ: ನೀವು ಎಲ್ಲಿಗೂ ಹೋಗುವವರಲ್ಲ. ಆದರೆ ನಿಮ್ಮ ಪತ್ರದಲ್ಲಿ ನೀವು ಹೇಳಿದ್ದೆಲ್ಲವೂ ಇದೆ, ಹುಡುಗ ಹೇಳಿದ್ದು ‘ಹೂಂ ಸಾರ್’ ಒಂದೇ ಇದೆ. ಅವನ ಅಪ್ಪ ಏನು ಮಾಡುತ್ತಾರೆ, ಸಂಜೆ ಅವನು ಎಲ್ಲಿರುತ್ತಾನೆ, ಯಾವ ಆಟ ಆಡುತ್ತಾನೆ ಎಂಬುದು ಎರಡು ಪುಟದ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಪತ್ರದ ಮೇಲಿನ ದಿನಾಂಕ ನವೆಂಬರ್‌ನದು. ನಿಮ್ಮ ಕಡೆ ಅಡಿಕೆ ಕೊಯ್ಲು. ಹುಡುಗ ಬರುವುದನ್ನು ಕಡಿಮೆ ಮಾಡಿದ್ದಕ್ಕೆ ನಿಮ್ಮ ಉಪದೇಶ ಕಾರಣವೋ ಅಡಿಕೆ ಕಾರಣವೋ ವಿಚಾರಿಸಿದ್ದೀರಾ? ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿ ಕಳೆಯುವವರೆಗೆ ಎಷ್ಟೋ ಮನೆಗಳಲ್ಲಿ ಹೆಂಗಸರೂ ದೊಡ್ಡ ಮಕ್ಕಳೂ ಊಟ ಮುಗಿಸಿ ಅಡಿಕೆ ಸುಲಿಯಲು ಕೂರುತ್ತಾರೆ, ಸುಲಿದ ಡಬ್ಬದ ಲೆಕ್ಕದಲ್ಲಿ ಕೂಲಿ ಬರುತ್ತದೆ, ಏಳುವಾಗ ಮಧ್ಯರಾತ್ರಿ ಆಗಿರುತ್ತದೆ. (ಹದಿನಾಲ್ಕು ತುಂಬದ ಮಕ್ಕಳನ್ನು ಕೂಲಿಗೆ ಹಚ್ಚುವುದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ ಯಾವ ಕಸುಬಿನಲ್ಲೂ ಸಲ್ಲದು, ನಿಮ್ಮ ಹುಡುಗನ ತಮ್ಮಂದಿರೂ ಅಲ್ಲಿ ಕೂತಿದ್ದರೆ ಅದು ಬೇರೆಯೇ ಮಾತು.) ನನ್ನ ಜೊತೆ ಕೆಲಸ ಮಾಡುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಇಂಥದೇ ಹುಡುಗನನ್ನು ಹುಡುಕಿಕೊಂಡು ಒಂದು ರಾತ್ರಿ ಸುಲಿಯುವ ಮನೆಗೇ ಹೋದರು. ಯಾರೋ ಮಣೆ ಕೊಟ್ಟರು, ಮೆಟ್ಟುಗತ್ತಿಯನ್ನೂ ಕೊಟ್ಟರು. ಮೇಷ್ಟ್ರಿಗೆ ರೂಢಿ ತಪ್ಪಿ ಎಷ್ಟೋ ವರ್ಷವಾಗಿತ್ತು. ಮೂರನೆಯ ಅಡಿಕೆಗೇ ಹೆಬ್ಬೆರಳು ಕುಯ್ದುಕೊಂಡರು. ಹುಡುಗ ನಕ್ಕು, ಅವರ ಕೈಯಿಂದ ಅಡಿಕೆ ತೆಗೆದುಕೊಂಡು, ‘ಹೀಗಲ್ಲ ಸಾರ್, ಇಲ್ಲಿ ಒತ್ತಬೇಕು’ ಎಂದು ತೋರಿಸಿದ. ಆರು ತಿಂಗಳಲ್ಲಿ ಅವನು ಅವರಿಗೆ ಹೇಳಿದ ಮೊದಲ ಪೂರ್ತಿ ವಾಕ್ಯ ಅದು. ಆ ರಾತ್ರಿ ಮೇಷ್ಟ್ರು ಓದಿನ ಮಾತನ್ನೇ ಎತ್ತಲಿಲ್ಲ. ಮುಂದೆ ಹುಡುಗನೇ ಎತ್ತಿದ: ಗಣಿತದಲ್ಲಿ ನಪಾಸಾಗಿದ್ದನ್ನು ಮನೆಯಲ್ಲಿ ಹೇಳಿಲ್ಲವೆಂದ.

ಹುಡುಗನ ತೊಂದರೆ ಅದೇ ಆಗಿದ್ದರೆ ನಿಮಗೆ ಅನುಕೂಲವೂ ಇದೆ. ಎಸ್ಸೆಸ್ಸೆಲ್ಸಿಗೆ 2023–24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ, ಒಂದರಲ್ಲಿ ತಪ್ಪಿದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದು. ವರ್ಷ ಹಾಳಾಯಿತೆಂದು ಹೆದರಿಕೊಂಡಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಲು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವರಿಗಿಂತ ಬೇರೆ ಯಾರು ಬೇಕು? ಆದರೆ ಮೊದಲು ಅವನಿರುವಲ್ಲಿಗೆ ಹೋಗಿ. ಸಂಸ್ಥೆಗೆ ತಿಳಿಸಿ, ಮನೆಯವರಿಗೂ ಮುಂಚೆ ಹೇಳಿಕಳಿಸಿ ಹೋಗಿ. ಒಬ್ಬರೇ ಹೋಗಬೇಡಿ, ಕಾರ್ಯಕರ್ತರೊಬ್ಬರು ಜೊತೆಗಿರಲಿ.

ಪ್ರಶ್ನೆ: ಎನ್‌ಎಸ್‌ಎಸ್‌ನಲ್ಲಿದ್ದೇನೆ. ಅದನ್ನೇ ಇಂಟರ್ನ್‌ಶಿಪ್ ಎಂದು ತೋರಿಸಬಹುದೇ? ವರದಿಯಲ್ಲಿ ಮಕ್ಕಳ ಕಥೆಗಳನ್ನು ಬರೆಯಬಹುದೇ? — ಶಿವಮೊಗ್ಗದ ವಿದ್ಯಾರ್ಥಿ

ಉತ್ತರ: ಎನ್‌ಎಸ್‌ಎಸ್‌ನ ಲೆಕ್ಕ ಬೇರೆ: ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಅದನ್ನು ಇಂಟರ್ನ್‌ಶಿಪ್ ಎಂದು ಎಣಿಸುವುದು ಬಿಡುವುದು ನಿಮ್ಮ ಕಾಲೇಜಿಗೆ ಸೇರಿದ್ದು. ವಿಭಾಗದ ಮುಖ್ಯಸ್ಥರಿಂದ ಬರಹದಲ್ಲಿ ಪಡೆಯಿರಿ. ಒಂದೇ ಗಂಟೆಯನ್ನು ಎರಡೂ ಕಡೆ ಬರೆಯಬೇಡಿ.

ವರದಿಯಲ್ಲಿ ಕೆಲಸವನ್ನು ಬರೆಯಿರಿ, ಮಕ್ಕಳನ್ನು ಬರೆಯಬೇಡಿ. ‘ತಂದೆ ಕುಡಿಯುವ, ತಾಯಿ ತೋಟದ ಕೂಲಿಗೆ ಹೋಗುವ, ಇಂಥ ಊರಿನ ಎಂಟನೇ ತರಗತಿಯ ಹುಡುಗಿ’ ಎಂದರೆ ಹೆಸರು ಬಿಟ್ಟರೂ ಊರಿಗೆಲ್ಲ ಗುರುತು ಸಿಗುತ್ತದೆ, ಊರಿನಲ್ಲಿ ಎಂಟನೇ ತರಗತಿಯ ಹುಡುಗಿಯರಿರುವುದೇ ಮೂವರು. ಕಾಲೇಜಿಗೆ ಒಪ್ಪಿಸುವ ಮೊದಲು ಒಂದು ಪ್ರತಿಯನ್ನು ಸಂಸ್ಥೆಯ ಸಂಯೋಜಕರಿಗೆ ಓದಲು ಕೊಡಿ. ಅವರು ಕೆಂಪು ಗೆರೆ ಎಳೆದ ಸಾಲುಗಳನ್ನು ಚರ್ಚೆ ಮಾಡದೆ ತೆಗೆಯಿರಿ.